ಹಕ್ಕಿಯನ್ನು ಮೀಯಿಸುವ ವಿದ್ಯೆ



ಈ ಮಾತುಗಳನ್ನು ಓದುವ ಮೊದಲು ನೀವು ಒಂದು ಚಿಕ್ಕ ಕೆಲಸ ಮಾಡಬೇಕು. ಕೋಳಿಯದೋ ಪಾರಿವಾಳದ್ದೋ ಒಂದು ಗರಿಯನ್ನು ಹುಡುಕಿ ತನ್ನಿ. ರೆಕ್ಕೆಯ ಉದ್ದನೆಯ ಗರಿಯಾದರೆ ಒಳ್ಳೆಯದು. ಅದನ್ನು ಬುಡದಿಂದ ತುದಿಯ ಕಡೆಗೆ ಎರಡು ಬೆರಳುಗಳ ನಡುವೆ ಹಿಡಿದು ಸವರಿ. ರೇಷ್ಮೆಯ ಪಟ್ಟಿಯಂತೆ ನುಣುಪಾಗಿರುತ್ತದೆ. ಈಗ ತುದಿಯಿಂದ ಬುಡದ ಕಡೆಗೆ, ಹಿಮ್ಮುಖವಾಗಿ ಸವರಿ. ಪಟ್ಟಿ ಅಲ್ಲಲ್ಲಿ ಹರಿದು ಎಳೆಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಮತ್ತೆ ಮೊದಲಿನಂತೆ ಬುಡದಿಂದ ತುದಿಗೆ ನಾಲ್ಕಾರು ಸಲ ಸವರಿ. ಹರಿದದ್ದು ಕೂಡಿಕೊಂಡಿತಲ್ಲವೆ?

ಈಗ ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮಣಿಯಂತೆ ಉರುಳಿ ಕೆಳಗೆ ಬೀಳುತ್ತದೆ. ಗರಿ ಒದ್ದೆಯಾಗುವುದಿಲ್ಲ. ಕೊನೆಯದಾಗಿ, ಬೆರಳ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಗರಿಯ ಮಧ್ಯಭಾಗಕ್ಕೆ ಸವರಿ. ಎಳೆಗಳು ಒಂದಕ್ಕೊಂದು ಅಂಟಿ ಗುಂಪುಗುಂಪಾಗುತ್ತವೆ, ನಡುವೆ ಸಂದುಗಳು ಬೀಳುತ್ತವೆ. ಎಷ್ಟು ಸವರಿದರೂ ಇನ್ನು ಅದು ಕೂಡಿಕೊಳ್ಳುವುದಿಲ್ಲ. ಆ ಸಂದುಗಳ ಮೇಲೆ ನೀರು ಬಿಟ್ಟರೆ ಹನಿ ಒಳಗಿಳಿಯುತ್ತದೆ.

ಆ ಗರಿಯನ್ನು ಎಸೆಯಬೇಡಿ. ಕೊನೆಯಲ್ಲಿ ಮತ್ತೆ ಅದರ ಕೆಲಸವಿದೆ.

ನಮ್ಮ ಇಂದಿನ ವಿಷಯ, ಎಣ್ಣೆ ಅಥವಾ ಡಾಂಬರು ಮೆತ್ತಿದ ಕಾಡುಹಕ್ಕಿಗಳ ಗರಿಗಳನ್ನು ಶುಚಿಗೊಳಿಸುವುದು ಹೇಗೆ ಎಂಬುದು. ಇದೇನು ಮಹಾ ವಿದ್ಯೆ, ಸೋಪು ಹಾಕಿ ತೊಳೆದರಾಯಿತು ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಸಂಜೆಯ ತಪ್ಪು

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ಕೊನೆಯ ವಾರ. ಉತ್ತರ ಕನ್ನಡದ ಒಂದು ಕಡಲತೀರದಲ್ಲಿ ಮೀನುಗಾರರನ್ನು ಕುರಿತ ಕಾರ್ಯಕ್ರಮಕ್ಕಾಗಿ ನಾವು ಚಿತ್ರೀಕರಣ ನಡೆಸಿದ್ದೆವು. ಮುಂಗಾರಿಗೆ ಮುಂಚೆ ಗಾಳಿ ದಿಕ್ಕು ಬದಲಿಸಿದಾಗ ನಮ್ಮ ಪಶ್ಚಿಮ ಕರಾವಳಿಯ ಮರಳಿನ ಮೇಲೆ ಕಪ್ಪು ಉಂಡೆಗಳು ಬಂದು ಬೀಳುವುದನ್ನು ಆ ಕಡೆಯವರು ನೋಡಿರುತ್ತೀರಿ. ಹಡಗುಗಳಿಂದ ಸಮುದ್ರಕ್ಕೆ ಸೇರಿದ ಎಣ್ಣೆ ಬಿಸಿಲಿಗೆ ಹಗುರ ಅಂಶಗಳನ್ನು ಕಳೆದುಕೊಂಡು, ಅಲೆಗಳಿಗೆ ಸಿಕ್ಕಿ ಮಂದವಾಗಿ, ಹೀಗೆ ಡಾಂಬರಿನ ಉಂಡೆಯಾಗುತ್ತದೆ. ಅಂಥ ಉಂಡೆಗಳ ನಡುವೆ ಒಂದು ರೀವ ಹಕ್ಕಿ ಕೂತಿತ್ತು. ಕಡಲ ಮೇಲೆ ಕತ್ತರಿಬಾಲ ಬೀಸುತ್ತ ಹಾರುವ ಸಣಕಲು ಹಕ್ಕಿ. ಎದೆ ಮತ್ತು ಒಂದು ರೆಕ್ಕೆಗೆ ಡಾಂಬರು ಮೆತ್ತಿತ್ತು. ಹತ್ತಿರ ಹೋದರೂ ಹಾರಲಿಲ್ಲ.

ನಾನು ವಿಜ್ಞಾನದ ಪದವೀಧರ. ಡಾಂಬರು ಸೀಮೆಎಣ್ಣೆಯಲ್ಲಿ ಕರಗುತ್ತದೆ ಎಂಬುದು ನನಗೆ ಗೊತ್ತಿತ್ತು. ನಮ್ಮ ಚಾಲಕನ ಬಳಿ ಒಂದು ಡಬ್ಬಿ ಸೀಮೆಎಣ್ಣೆಯಿತ್ತು. ಬಟ್ಟೆಯನ್ನು ಅದರಲ್ಲಿ ಅದ್ದಿ ಹಕ್ಕಿಯ ಮೈ ಉಜ್ಜಿದೆವು. ಆಮೇಲೆ ಹತ್ತಿರದ ಬಾವಿಯ ತಣ್ಣೀರು ಸೇದಿ, ಮೈಸೋಪು ಹಚ್ಚಿ ಚೆನ್ನಾಗಿ ತೊಳೆದೆವು. ಮೀನು ಒಣಗಿಸುತ್ತಿದ್ದ ಒಬ್ಬ ಅಜ್ಜಿ ದೂರದಿಂದಲೇ, "ಅದನ್ನ ಸುಮ್ಮನೆ ಬೆಚ್ಚಗೆ ಇಡ್ರೋ ಮಕ್ಕಳೇ, ಯಾಕೆ ಅಷ್ಟು ಕಾಡ್ತೀರಿ" ಎಂದಳು. ನಾವು ನಕ್ಕೆವು. ಕ್ಯಾಮೆರಾದ ಖಾಲಿ ಪೆಟ್ಟಿಗೆಯಲ್ಲಿ ಹಕ್ಕಿಯನ್ನಿಟ್ಟು ಒಂದು ತುಂಡು ಮೀನು ಹಾಕಿದೆವು. ಒಳ್ಳೆಯ ಕೆಲಸ ಮಾಡಿದ ಸಂತೋಷದಲ್ಲಿ ಊಟ ಮಾಡಿ ಮಲಗಿದೆವು.

ಬೆಳಗಾಗುವಷ್ಟರಲ್ಲಿ ಹಕ್ಕಿ ಸತ್ತಿತ್ತು. ಮೀನಿನ ತುಂಡು ಹಾಗೆಯೇ ಇತ್ತು.

ಅದು ಹೇಗಿದ್ದರೂ ಸಾಯುತ್ತಿತ್ತೇನೋ. ಆದರೆ ಆಮೇಲೆ ಈ ವಿಷಯವನ್ನು ಓದಿ ತಿಳಿದಾಗ, ನಾವು ಒಂದಲ್ಲ, ನಾಲ್ಕು ತಪ್ಪು ಮಾಡಿದ್ದೆವೆಂದು ಗೊತ್ತಾಯಿತು. ಆ ನಾಲ್ಕನ್ನೂ ಒಂದೊಂದಾಗಿ ಬಿಡಿಸಿದರೆ ಹಕ್ಕಿ ತೊಳೆಯುವ ವಿದ್ಯೆಯೆಲ್ಲ ಅದರಲ್ಲಿಯೇ ಸಿಕ್ಕುತ್ತದೆ.

ಗರಿಯೆಂಬ ಅಂಗಿ

ಮೊದಲು ಗರಿಯ ರಚನೆ ನೋಡೋಣ. ನಡುವೆ ಒಂದು ದಂಟು. ಅದರ ಎರಡೂ ಕಡೆಗೆ ನೂರಾರು ಎಳೆಗಳು. ಪ್ರತಿಯೊಂದು ಎಳೆಯಿಂದಲೂ ಹೊರಡುವ ಇನ್ನೂ ಸಣ್ಣ ಮರಿ ಎಳೆಗಳು. ಒಂದು ಬದಿಯ ಮರಿ ಎಳೆಗಳಿಗೆ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಕೊಕ್ಕೆಗಳಿವೆ. ಅವು ಪಕ್ಕದ ಎಳೆಯ ಮರಿ ಎಳೆಗಳನ್ನು ಹಿಡಿದುಕೊಳ್ಳುತ್ತವೆ. ನಿಮ್ಮ ಶಾಲಾಚೀಲದ ಜಿಪ್ಪು ಹಲ್ಲಿಗೆ ಹಲ್ಲು ಕಚ್ಚಿಕೊಳ್ಳುವ ಹಾಗೆ. ನೀವು ಹಿಮ್ಮುಖವಾಗಿ ಸವರಿದಾಗ ಬಿಚ್ಚಿಕೊಂಡದ್ದು ಈ ಜಿಪ್ಪು, ಮತ್ತೆ ಸವರಿದಾಗ ಹಾಕಿಕೊಂಡದ್ದೂ ಅದೇ. ಹಕ್ಕಿ ದಿನಕ್ಕೆ ಅದೆಷ್ಟೋ ಹೊತ್ತು ಕೊಕ್ಕಿನಿಂದ ಗರಿ ತೀಡುತ್ತ ಕೂರುವುದು ಸೊಗಸಿಗಾಗಿ ಅಲ್ಲ, ಬಿಚ್ಚಿಹೋದ ಜಿಪ್ಪುಗಳನ್ನು ಮತ್ತೆ ಹಾಕಿಕೊಳ್ಳುವುದಕ್ಕಾಗಿ.

ಬಾಲದ ಬುಡದ ಗ್ರಂಥಿಯಿಂದ ಹಕ್ಕಿ ಜಿಡ್ಡು ತೆಗೆದು ಹಚ್ಚಿಕೊಳ್ಳುತ್ತದೆ, ಆದ್ದರಿಂದಲೇ ನೀರು ತಾಗುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಆ ಜಿಡ್ಡು ಗರಿಯನ್ನು ಮೃದುವಾಗಿ, ಮುರಿಯದಂತೆ ಇಡಲು ಬೇಕು, ನಿಜ. ಆದರೆ ನೀರನ್ನು ತಡೆಯುವ ಮುಖ್ಯ ಕೆಲಸ ಆ ಒತ್ತಾದ ಹೆಣಿಗೆಯದು. ಸಂದುಗಳು ಅಷ್ಟು ಚಿಕ್ಕದಾಗಿರುವುದರಿಂದ ನೀರಿನ ಹನಿ ತನ್ನ ಮೇಲ್ಮೈ ಎಳೆತದ ಬಲದಿಂದಲೇ ಮೇಲೆ ನಿಂತುಬಿಡುತ್ತದೆ. ಹೊರಗರಿಗಳ ಈ ಹೊದಿಕೆಯ ಕೆಳಗೆ ಮೆತ್ತನೆಯ ಒಳಗರಿಗಳಿವೆ. ಅವುಗಳಲ್ಲಿ ಗಾಳಿ ತುಂಬಿರುತ್ತದೆ. ಆ ಗಾಳಿಯೇ ಹಕ್ಕಿಯ ಕಂಬಳಿ. ನೀರುಹಕ್ಕಿಗೆ ತೇಲಲು ನೆರವಾಗುವುದೂ ಅದೇ.

ಎಣ್ಣೆ ತಾಗಿದರೆ ಈ ಹೆಣಿಗೆ ಕೆಡುತ್ತದೆ. ಎಳೆಗಳು ಗುಂಪುಗೂಡಿ ಸಂದು ಬೀಳುತ್ತದೆ. ನೀರು ಒಳನುಗ್ಗಿ ಗಾಳಿಯನ್ನು ಹೊರಹಾಕುತ್ತದೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖವಿರುವ ಮೈಗೆ ತಣ್ಣನೆಯ ನೀರು ನೇರ ತಾಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಚಳಿ ತಡೆಯಲಾರದೆ ಹಕ್ಕಿ ದಡ ಸೇರುತ್ತದೆ. ದಡದಲ್ಲಿ ಅದಕ್ಕೆ ಮೀನಿಲ್ಲ, ಹಸಿವು. ಮೈಯ ಕೊಬ್ಬು ಕರಗುತ್ತದೆ. ಗರಿ ಸರಿಪಡಿಸಲು ಕೊಕ್ಕು ಹಾಕಿದಷ್ಟೂ ಎಣ್ಣೆ ಹೊಟ್ಟೆ ಸೇರುತ್ತದೆ. ಕರುಳು ಹುಣ್ಣಾಗುತ್ತದೆ, ಯಕೃತ್ತು ಮತ್ತು ಮೂತ್ರಪಿಂಡ ಕೆಡುತ್ತವೆ, ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತದೆ. ನಮ್ಮ ಕೈಗೆ ಸಿಕ್ಕುವ ಹೊತ್ತಿಗೆ ಅದು ಕೊಳಕಾದ ಹಕ್ಕಿ ಮಾತ್ರವಲ್ಲ, ಚಳಿ, ಹಸಿವು, ಬಾಯಾರಿಕೆ, ವಿಷ ನಾಲ್ಕೂ ಸೇರಿದ ರೋಗಿ.

ನಾಲ್ಕು ತಪ್ಪುಗಳು

ನಮ್ಮ ಮೊದಲನೆಯ ತಪ್ಪು ಅವಸರ. ಇಂಥ ರೋಗಿಯನ್ನು ಯಾರಾದರೂ ಬಂದ ಕೂಡಲೆ ಸ್ನಾನಕ್ಕೆ ಎಳೆದೊಯ್ಯುತ್ತಾರೆಯೆ? ತೊಳೆಯುವುದೆಂದರೆ ಹಕ್ಕಿಗೆ ಬಲುದೊಡ್ಡ ಆಘಾತ. ಅದರ ಪಾಲಿಗೆ ನಾವು ಬೇಟೆಗಾರರು. ಆದ್ದರಿಂದ ಅನುಭವಿ ಕೇಂದ್ರಗಳಲ್ಲಿ ಮೊದಲು ಕಣ್ಣು, ಮೂಗಿನ ಹೊಳ್ಳೆ ಮತ್ತು ಬಾಯಿಯ ಎಣ್ಣೆಯನ್ನಷ್ಟೇ ಒರೆಸುತ್ತಾರೆ. ಬೆಚ್ಚನೆಯ, ಗಾಳಿಯಾಡುವ, ಸದ್ದಿಲ್ಲದ ಕೋಣೆಯಲ್ಲಿ ಇಡುತ್ತಾರೆ. ಮೃದುವಾದ ನಳಿಕೆಯಿಂದ ಲವಣಗಳು ಬೆರೆತ ದ್ರವವನ್ನು ನೇರ ಹೊಟ್ಟೆಗೆ ಕೊಡುತ್ತಾರೆ. ಆಮೇಲೆ ಆಹಾರ. ಒಂದು ತೊಟ್ಟು ರಕ್ತ ಪರೀಕ್ಷಿಸಿ, ಹಕ್ಕಿ ತಡೆದುಕೊಳ್ಳುತ್ತದೆ ಎಂದು ಖಚಿತವಾದ ಮೇಲೆಯೇ, ಅಂದರೆ ಸಾಮಾನ್ಯವಾಗಿ ಒಂದೆರಡು ದಿನ ಕಳೆದ ಮೇಲೆಯೇ, ತೊಳೆಯುವ ಮಾತು. ಅಲ್ಲಿಯತನಕ ಎಣ್ಣೆ ಮೈಮೇಲೆಯೇ ಇರುತ್ತದೆ. ಕಾಯಲು ಬೇಕಾದ ಧೈರ್ಯ ಉಜ್ಜಲು ಬೇಕಾದ ಧೈರ್ಯಕ್ಕಿಂತ ದೊಡ್ಡದು. ಆ ಅಜ್ಜಿ ಹೇಳಿದ್ದು ಇದನ್ನೇ.

ಎರಡನೆಯ ತಪ್ಪು ಸೀಮೆಎಣ್ಣೆ. ಅದು ಡಾಂಬರನ್ನು ಕರಗಿಸುವುದು ನಿಜವಾದರೂ ಅದು ಕೂಡ ಒಂದು ಎಣ್ಣೆಯೇ. ಚರ್ಮವನ್ನು ಸುಡುತ್ತದೆ, ಅದರ ಆವಿ ಶ್ವಾಸಕೋಶ ಸೇರುತ್ತದೆ, ಕೊಕ್ಕಿನ ಮೂಲಕ ಹೊಟ್ಟೆಗಿಳಿಯುತ್ತದೆ. ಪೆಟ್ರೋಲು, ಟರ್ಪೆಂಟೈನುಗಳ ಕಥೆಯೂ ಇಷ್ಟೆ. ಗಟ್ಟಿಯಾದ ಡಾಂಬರಿಗೆ ಬಲ್ಲವರು ಬಳಸುವುದು ಸಸ್ಯತೈಲದಿಂದ ತಯಾರಾದ ಮಿಥೈಲ್ ಓಲಿಯೇಟ್‌ನಂಥ ದ್ರವವನ್ನು. ಅದನ್ನು ಬೆಚ್ಚಗೆ ಮಾಡಿ ಹಚ್ಚಿ, ಡಾಂಬರು ಸಡಿಲವಾಗುವವರೆಗೆ ಬಿಟ್ಟು, ಎರಡನ್ನೂ ಒಟ್ಟಿಗೆ ತೊಳೆದು ತೆಗೆಯುತ್ತಾರೆ. ಆಸ್ಟ್ರೇಲಿಯದ ಮೆಲ್ಬರ್ನಿನ ವಿಕ್ಟೋರಿಯ ವಿಶ್ವವಿದ್ಯಾನಿಲಯದಲ್ಲಿ ಇನ್ನೊಂದು ಉಪಾಯ ಹೊಳೆಯಿತು. ಗರಿಗೆ ನುಣ್ಣನೆಯ ಕಬ್ಬಿಣದ ಪುಡಿ ಉದುರಿಸಿದರೆ ಎಣ್ಣೆ ಅದಕ್ಕೆ ಅಂಟುತ್ತದೆ. ಆಮೇಲೆ ಅಯಸ್ಕಾಂತ ಹಿಡಿದರೆ ಪುಡಿಯೊಡನೆ ಎಣ್ಣೆಯೂ ಎದ್ದು ಬರುತ್ತದೆ. ಆದರೂ ಜಗತ್ತಿನ ಹೆಚ್ಚಿನ ಕೇಂದ್ರಗಳು ಇಂದಿಗೂ ನೆಚ್ಚಿರುವುದು ಪಾತ್ರೆ ತೊಳೆಯುವ ಸಾಬೂನು ದ್ರವವನ್ನೇ.

ಮೂರನೆಯ ತಪ್ಪು ತಣ್ಣೀರು. ತೊಳೆಯುವ ನೀರು ಹಕ್ಕಿಯ ಮೈಶಾಖದಷ್ಟೇ, 40 ಡಿಗ್ರಿಯ ಆಸುಪಾಸಿನಲ್ಲಿ ಬೆಚ್ಚಗಿರಬೇಕು. ಇದರಿಂದ ಎಣ್ಣೆ ತೆಳುವಾಗಿ ಬಿಡುತ್ತದೆ, ಹಕ್ಕಿಗೂ ಚಳಿ ಹಿಡಿಯುವುದಿಲ್ಲ. ಸಾಬೂನಿನ ಅಣುವಿಗೆ ಎರಡು ತುದಿಗಳೆಂಬುದನ್ನು ನೀವು ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಎಣ್ಣೆಯ ಕಣವನ್ನು ಸುತ್ತುವರಿದು ಅವು ನೀರಿನೊಳಕ್ಕೆ ಎತ್ತಿಕೊಂಡು ಹೋಗುತ್ತವೆ. ಹೀಗಾಗಿ ಉಜ್ಜುವ ಅಗತ್ಯವಿಲ್ಲ. ಒಬ್ಬರು ಹಕ್ಕಿಯನ್ನು ಹಿಡಿದರೆ ಇನ್ನೊಬ್ಬರು ಅಂಗೈಯಿಂದ ಸಾಬೂನು ನೀರನ್ನು ಗರಿಗಳ ನಡುವೆ ಹಾಯಿಸುತ್ತಾರೆ. ಕೈ ಯಾವಾಗಲೂ ಗರಿ ಮಲಗುವ ದಿಕ್ಕಿನಲ್ಲೇ ಚಲಿಸಬೇಕು. ತಲೆಯ ಸುತ್ತ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು. ತೊಟ್ಟಿಯ ನೀರು ಕಪ್ಪಾದೊಡನೆ ಪಕ್ಕದ ತೊಟ್ಟಿಗೆ ಸಾಗಿಸುತ್ತಾರೆ. ನೀರು ತಿಳಿಯಾಗಿ ಉಳಿಯುವವರೆಗೆ ಹೀಗೆ ತೊಟ್ಟಿಯಿಂದ ತೊಟ್ಟಿಗೆ. ಒಂದು ದೊಡ್ಡ ಹಕ್ಕಿಗೆ ನೂರಾರು ಲೀಟರು ಬಿಸಿನೀರು ಬೇಕು.

ನಾಲ್ಕನೆಯ ತಪ್ಪು ಯಾರಿಗೂ ಹೊಳೆಯುವಂಥದಲ್ಲ. ಅದು ಬಾವಿಯ ನೀರಿನ ಗಡಸು. ಗಡಸು ನೀರಿಗೆ ಮೈಸೋಪು ಹಾಕಿದರೆ ನೊರೆಯ ಬದಲು ಬಿಳಿಯ ಗಷ್ಟು ಏಳುವುದನ್ನು ನೋಡಿದ್ದೀರಿ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಕೆಲಸವದು. ಅದು ಗರಿಯ ಎಳೆಗಳಲ್ಲಿ ಕೂತರೆ ಕೊಕ್ಕೆಗಳು ಕೂಡುವುದಿಲ್ಲ. ಎಣ್ಣೆ ಹೋಗಿ ಗಷ್ಟು ಬಂತು, ಅಷ್ಟೆ. ಸಾಬೂನೇ ಉಳಿದರೂ ಅದೇ ಗತಿ. ಆದ್ದರಿಂದ ತೊಳೆಯುವುದಕ್ಕಿಂತ ಜಾಲಾಡುವುದು ಮುಖ್ಯ. ಮೆದು ಮಾಡಿದ ಬಿಸಿನೀರನ್ನು ಸಣ್ಣ ಕೊಳವೆಯ ಬಾಯಿಂದ ರಭಸವಾಗಿ ಗರಿಗಳ ಬುಡಕ್ಕೆ ಹಾಯಿಸುತ್ತಾರೆ. ಜಾಲಾಡುತ್ತ ಹೋದಂತೆ ಒಂದು ಹಂತದಲ್ಲಿ ನೀರು ಮಣಿಮಣಿಯಾಗಿ ಸಿಡಿದು ಉರುಳತೊಡಗುತ್ತದೆ, ಒಳಗರಿ ಒಣಗಿದ್ದು ಕಾಣುತ್ತದೆ. ಆಗ ಕೆಲಸ ಮುಗಿಯಿತು.

ಮುಗಿದದ್ದು ಮನುಷ್ಯನ ಕೆಲಸ ಮಾತ್ರ. ಬಿಸಿಗಾಳಿಯಲ್ಲಿ ಒಣಗಿದ ಹಕ್ಕಿ ಇನ್ನು ತಾನೇ ಕೊಕ್ಕಿನಿಂದ ಒಂದೊಂದು ಗರಿಯನ್ನೂ ತೀಡಿ ಆ ಸಾವಿರಾರು ಜಿಪ್ಪುಗಳನ್ನು ಹಾಕಿಕೊಳ್ಳಬೇಕು. ಅದನ್ನು ಕೊಳದಲ್ಲಿ ಬಿಟ್ಟು ನೋಡುತ್ತಾರೆ. ಎಲ್ಲಾದರೂ ನೆನೆದರೆ ಮತ್ತೆ ಒಳಗೆ. ಮೈ ನೆನೆಯದೆ ತೇಲಿ, ತೂಕ ಕೂಡಿಕೊಂಡ ಮೇಲೆಯೇ ಕಾಲಿಗೆ ಬಳೆ ತೊಡಿಸಿ ಬಿಡುಗಡೆ.

ಎರಡು ಹಡಗುಗಳು, ಎರಡು ಲೆಕ್ಕಗಳು

ನಾವು ಒಂದು ಹಕ್ಕಿಯಲ್ಲಿ ಮಾಡಿದ ತಪ್ಪಿನಂಥದನ್ನು ಸಾವಿರಾರು ಹಕ್ಕಿಗಳಲ್ಲಿ ಅನುಭವಿಸಿ, ಅದರಿಂದ ಕಲಿತು, ಆರೇ ವರ್ಷಗಳಲ್ಲಿ ತಿದ್ದಿಕೊಂಡವರ ಕಥೆ ದಕ್ಷಿಣ ಆಫ್ರಿಕದ್ದು. ಅಲ್ಲಿನ ಕೇಪ್ ಟೌನ್ ನಗರದೆದುರಿನ ಸಮುದ್ರದಲ್ಲಿ ರಾಬೆನ್ ಮತ್ತು ಡಾಸೆನ್ ಎಂಬ ದ್ವೀಪಗಳಿವೆ. ನೆಲ್ಸನ್ ಮಂಡೇಲ ಅವರು ವರ್ಷಾನುಗಟ್ಟಲೆ ಸೆರೆಯಲ್ಲಿದ್ದ ರಾಬೆನ್ ದ್ವೀಪವೇ ಇದು. ಆಫ್ರಿಕದ ಪೆಂಗ್ವಿನ್‌ಗಳು ಈ ದ್ವೀಪಗಳಲ್ಲಿ ಮರಿ ಮಾಡುತ್ತವೆ. ಗುಡ್ ಹೋಪ್ ಭೂಶಿರವನ್ನು ಬಳಸುವ ಹಡಗುಗಳೆಲ್ಲ ಇವುಗಳ ಸಮೀಪದಲ್ಲೇ ಹಾದುಹೋಗುತ್ತವೆ.

1994ರ ಜೂನ್‌ನಲ್ಲಿ ಅಪೊಲೊ ಸೀ ಎಂಬ ಹಡಗು ಅಲ್ಲಿ ಮುಳುಗಿತು. ಸುಮಾರು 10,000 ಪೆಂಗ್ವಿನ್‌ಗಳಿಗೆ ಎಣ್ಣೆ ಮೆತ್ತಿತು. ಅವನ್ನು ಹಿಡಿದು ತಂದು ತೊಳೆದರು. ಆದರೂ ಸುಮಾರು ಅರ್ಧದಷ್ಟು ಸತ್ತುಹೋದವು. ಎಣ್ಣೆಯೊಂದೇ ಕಾರಣವಲ್ಲ, ಸಾಗಿಸುವಾಗ ಇಕ್ಕಟ್ಟಿನಲ್ಲಿ ಉಸಿರುಕಟ್ಟಿ, ಮೈ ಬಿಸಿಯೇರಿ ಸತ್ತವೂ ಇದ್ದವು. ಕಡಲ ಹಕ್ಕಿಗಳ ಆರೈಕೆಗೆಂದು 1968ರಲ್ಲಿ ಆರಂಭವಾಗಿದ್ದ ಸ್ಯಾಂಕಾಬ್ ಎಂಬ ಸಂಸ್ಥೆ ಈ ಸಾವುಗಳಿಂದ ಪಾಠ ಕಲಿಯಿತು.

2000ದ ಜೂನ್ 23ರಂದು ಟ್ರೆಷರ್ ಎಂಬ ಅದಿರು ಹಡಗು ಅದೇ ಎರಡು ದ್ವೀಪಗಳ ನಡುವೆ ಮುಳುಗಿತು. ಅದರಲ್ಲಿದ್ದದ್ದು ಸುಮಾರು 1,300 ಟನ್ ಇಂಧನ ತೈಲ. ಈ ಸಲ ಎಣ್ಣೆ ಮೆತ್ತಿದ ಪೆಂಗ್ವಿನ್‌ಗಳು ಸುಮಾರು 19,000, ಅಂದರೆ ಹಿಂದಿನದರ ಹೆಚ್ಚು ಕಡಿಮೆ ಎರಡರಷ್ಟು. ಕೇಪ್ ಟೌನ್‌ನ ಸಾಲ್ಟ್ ರಿವರ್ ಪ್ರದೇಶದ ದೊಡ್ಡ ಗೋದಾಮೊಂದು ಹಕ್ಕಿಗಳ ಆಸ್ಪತ್ರೆಯಾಯಿತು. ಗಾಳಿಯಾಡುವ ಪೆಟ್ಟಿಗೆಗಳಲ್ಲಿ ಅವನ್ನು ತಂದರು. ನಿಮ್ಮಂಥ ವಿದ್ಯಾರ್ಥಿಗಳು, ಗೃಹಿಣಿಯರು, ಕಚೇರಿಯವರು, ದೇಶವಿದೇಶಗಳ ಪರಿಣತರು, ಹೀಗೆ 12,000ಕ್ಕೂ ಹೆಚ್ಚು ಸ್ವಯಂಸೇವಕರು ಬಂದರು. ಪೆಂಗ್ವಿನ್ ಮುದ್ದಾಗಿ ಕಂಡರೂ ಅದರ ಕೊಕ್ಕು ಇಕ್ಕಳದಂತೆ. ಸತ್ತ ಮೀನನ್ನು ತಾನಾಗಿ ತಿನ್ನದ ಹಕ್ಕಿಯನ್ನು ಒಂದೊಂದಾಗಿ ಹಿಡಿದು, ಬಾಯಿ ಬಿಡಿಸಿ, ಗಂಟಲಿಗೆ ಮೀನು ಇಳಿಸಬೇಕು. ತಿಂಗಳುಗಟ್ಟಲೆ ಈ ಕೆಲಸ ನಡೆಯಿತು. ಕೊನೆಗೆ ಎಣ್ಣೆ ಮೆತ್ತಿದ ಹಕ್ಕಿಗಳಲ್ಲಿ ಶೇಕಡಾ 90ರಷ್ಟು ಬದುಕಿ ಸಮುದ್ರಕ್ಕೆ ಮರಳಿದವು.

ಅವರ ಅತ್ಯಂತ ಜಾಣ ಕೆಲಸಕ್ಕೆ ಸಾಬೂನೇ ಬೇಕಾಗಲಿಲ್ಲ. ದ್ವೀಪಗಳಲ್ಲಿ ಇನ್ನೂ ಎಣ್ಣೆ ತಾಗದ ಸುಮಾರು 19,500 ಪೆಂಗ್ವಿನ್‌ಗಳಿದ್ದವು. ಅವು ಮೀನಿಗೆಂದು ನೀರಿಗಿಳಿದರೆ ಎಣ್ಣೆ ಮೆತ್ತುವುದು ಖಚಿತ. ಅವನ್ನು ಹಿಡಿದು ಲಾರಿಗಳಲ್ಲಿ ತುಂಬಿ ನೂರಾರು ಕಿಲೋಮೀಟರು ಪೂರ್ವಕ್ಕೆ, ಪೋರ್ಟ್ ಎಲಿಜಬೆತ್ ಬಳಿಯ ಕೇಪ್ ರೆಸಿಫೆಗೆ ಒಯ್ದು ಸಮುದ್ರಕ್ಕೆ ಬಿಟ್ಟರು. ಪೆಂಗ್ವಿನ್‌ಗಳು ಮನೆಯ ಕಡೆಗೆ ಈಜತೊಡಗಿದವು. ಅವು ಅಷ್ಟು ದೂರ ಈಜಿ ಬರುವ ಕಾಲದಲ್ಲಿ ಇತ್ತ ಎಣ್ಣೆ ತೆಗೆಯುವ ಕೆಲಸ ನಡೆಯಿತು. ಪೀಟರ್, ಪ್ಯಾಮೆಲಾ, ಪರ್ಸಿ ಎಂದು ಹೆಸರಿಟ್ಟ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನ ಕಟ್ಟಿದ್ದರು. ಅವು ಎಲ್ಲಿಯವರೆಗೆ ಬಂದವೆಂಬುದನ್ನು ಜನ ದಿನದಿನವೂ ಕಾತರದಿಂದ ವಿಚಾರಿಸುತ್ತಿದ್ದರಂತೆ.

ಕಷ್ಟದ ಪ್ರಶ್ನೆ

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ಕೈ ಎತ್ತಿ ಕೇಳಬೇಕು: ಇಷ್ಟು ಶ್ರಮ, ಹಣ ಸುರಿದು ತೊಳೆದ ಹಕ್ಕಿ ಆಮೇಲೆ ನಿಜವಾಗಿ ಬದುಕುತ್ತದೆಯೆ? ಎಲ್ಲ ಹಕ್ಕಿಗಳಿಗೂ ಒಂದೇ ಉತ್ತರವಿಲ್ಲ. ದಕ್ಷಿಣ ಆಫ್ರಿಕದ ಪೆಂಗ್ವಿನ್‌ಗಳು ಬದುಕಿದವು, ಗೂಡು ಕಟ್ಟಿದವು, ಮರಿ ಮಾಡಿದವು. ಆದರೆ ಉತ್ತರದ ತಣ್ಣನೆಯ ಕಡಲುಗಳ ಗಿಲಿಮಾಟ್ ಎಂಬ ಹಕ್ಕಿಯ ಲೆಕ್ಕ ಬೇರೆ. ಉತ್ತರ ಅಮೆರಿಕದಲ್ಲಿ ತೊಳೆದು ಬಿಟ್ಟ ಇಂಥ ಹಕ್ಕಿಗಳ ಬಳೆಗಳ ದಾಖಲೆಯನ್ನು ಪರಿಶೀಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ ಹೆಚ್ಚಿನವು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಸತ್ತವೆಂದು ತೋರಿಸಿತು. ಈ ಹಣವನ್ನು ಸೋರಿಕೆ ತಡೆಯಲು ಖರ್ಚು ಮಾಡಿ ಎನ್ನುವ ವಿಜ್ಞಾನಿಗಳಿದ್ದಾರೆ. ಅವರ ಮಾತನ್ನು ಕಲ್ಲುಮನಸ್ಸಿನ ಮಾತೆಂದು ತಳ್ಳಿಹಾಕುವಂತಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಹಕ್ಕಿಗಳು ಕೋಟ್ಯಂತರ ಇರುವಾಗ ಒಂದು ಸಾವಿರ ಉಳಿದರೆ ಲೆಕ್ಕಕ್ಕೆ ಬಾರದಿರಬಹುದು. ಆದರೆ ಆಫ್ರಿಕದ ಪೆಂಗ್ವಿನ್ ಈಗ 10,000 ಜೋಡಿಗಿಂತ ಕಡಿಮೆಯಾಗಿದೆ. ತಿನ್ನುವ ಮೀನಿನ ಕೊರತೆ ಅದಕ್ಕೆ ದೊಡ್ಡ ಕಾರಣ. 2024ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದ್ದಾರೆ. ಅಂಥ ಕಡೆ ಒಂದೊಂದು ಹಕ್ಕಿಯೂ ಲೆಕ್ಕಕ್ಕೆ ಬರುತ್ತದೆ. ಎಲ್ಲಿ ತೊಳೆಯಬೇಕು, ಎಲ್ಲಿ ತೊಳೆದು ಫಲವಿಲ್ಲ ಎಂಬುದನ್ನು ಕಲಿಸುವುದು ಮರುಕವಲ್ಲ, ಕಾಲಿಗೆ ಹಾಕಿದ ಆ ಬಳೆಯ ದಾಖಲೆ.

ನಾವೇನು ಮಾಡಬೇಕು?

ಇದೆಲ್ಲ ದೂರದೇಶದ ಮಾತೆಂದು ತಿಳಿಯಬೇಡಿ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಡನೆ ಚೆನ್ನೈ ಬಳಿಯ ಎಣ್ಣೂರು ಅಳಿವೆಗೆ ಎಣ್ಣೆ ಹರಿದುಬಂದಾಗ ಅಲ್ಲಿನ ಹೆಜ್ಜಾರ್ಲೆಗಳ ಮೈ ಕಪ್ಪಾಯಿತು. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರವರ ಮನೆಯಂಗಳದ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳೂ ಅದೇ ಜಾತಿಯವು. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಟ್ಯಾಂಕುಗಳಲ್ಲಿ ಎಣ್ಣೆಯಿರುವಂತೆಯೇ ಮುಳುಗಿತು. ನಮ್ಮ ಕರಾವಳಿಯ ಮುಂದಿರುವುದೂ ಅದೇ ಸಮುದ್ರ.

ಎಣ್ಣೆ ಮೆತ್ತಿದ ಹಕ್ಕಿ ನಿಮ್ಮ ಕಣ್ಣಿಗೆ ಬಿದ್ದರೆ ಇಷ್ಟು ನೆನಪಿಡಿ. ತೊಳೆಯಬೇಡಿ. ಬಾಯಿಗೆ ನೀರು ಹನಿಸಬೇಡಿ, ಆಹಾರ ತುರುಕಬೇಡಿ. ಹಿರಿಯರನ್ನು ಕರೆಯಿರಿ. ಕೈಗವಸು ಇಲ್ಲವೆ ದಪ್ಪ ಬಟ್ಟೆಯಿಂದ ಮೆಲ್ಲಗೆ ಹಿಡಿಯಲಿ. ಬೆಳ್ಳಕ್ಕಿ, ಬಕಗಳು ಕಣ್ಣಿಗೇ ಕುಕ್ಕುತ್ತವೆ, ಮುಖ ದೂರವಿರಲಿ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಇಟ್ಟು, ಮುಚ್ಚಿ, ಬೆಚ್ಚಗಿನ, ಸದ್ದಿಲ್ಲದ ಜಾಗದಲ್ಲಿರಿಸಿ. ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ಕೂಡಲೆ ತಿಳಿಸಿ. ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಇನ್ನೊಂದು ಮಾತು. ನೀರು ಸೇರುವ ಎಣ್ಣೆಯೆಲ್ಲ ಹಡಗು ಒಡೆದದ್ದೇ ಅಲ್ಲ. ಗ್ಯಾರೇಜಿನಿಂದ ಮೋರಿಗೆ ಸುರಿದ ಹಳೆಯ ಎಂಜಿನ್ ಎಣ್ಣೆಯೂ ಕೆರೆ ಸೇರುತ್ತದೆ, ಹೊಳೆ ಸೇರುತ್ತದೆ. ಅದನ್ನು ತಡೆಯಲು ಸಮುದ್ರದವರೆಗೆ ಹೋಗಬೇಕಾಗಿಲ್ಲ.

ಈಗ ಆ ಗರಿಯನ್ನು ಕೈಗೆ ತೆಗೆದುಕೊಳ್ಳಿ. ಬೆಚ್ಚನೆಯ ನೀರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ ಅದನ್ನು ಶುಚಿಮಾಡಲು ಯತ್ನಿಸಿ. ಉಜ್ಜಬೇಡಿ. ಜಾಲಾಡಿ, ಒಣಗಿಸಿ, ಬುಡದಿಂದ ತುದಿಗೆ ಸವರಿ, ನೀರಿನ ಹನಿ ಬಿಟ್ಟು ನೋಡಿ. ಹನಿ ಮತ್ತೆ ಮಣಿಯಂತೆ ಉರುಳುವವರೆಗೆ ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಅದು ಒಂದು ಗರಿಯ ಲೆಕ್ಕ. ಹಕ್ಕಿಯ ಮೈಮೇಲೆ ಅಂಥವು ಸಾವಿರಾರು, ಒಳಗೆ ಡವಗುಟ್ಟುವ ಒಂದು ಎದೆ. ಆ ಸಂಜೆ ಈ ಲೆಕ್ಕ ನನಗೆ ಗೊತ್ತಿದ್ದರೆ ಆ ರೀವವನ್ನು ಅಜ್ಜಿ ಹೇಳಿದಂತೆ ಸುಮ್ಮನೆ ಬೆಚ್ಚಗೆ ಇಡುತ್ತಿದ್ದೆ.